ಹಾಡು ಉಳಿದರೆ ಸಾಲದು, ಹೆಸರೂ ಉಳಿಯಬೇಕು

ಹಳೆಯ ಮನೆಗಳನ್ನು ಇಳಿಸಿ ಹೊಸ ಮನೆಗಳನ್ನು ಕಟ್ಟುತ್ತಿರುವ ಕಾಲವಿದು. ಕರಜಗಿಯಿಂದ ಅಫಜಲಪುರದವರೆಗೆ, ಆಳಂದದಿಂದ ಜೇವರ್ಗಿಯವರೆಗೆ ಮಣ್ಣಿನ ಮಾಳಿಗೆಗಳು ಮರೆಯಾಗಿ ಸಿಮೆಂಟಿನ ಛಾವಣಿಗಳು ಮೇಲೇಳುತ್ತಿವೆ. ಆ ಸಂದರ್ಭದಲ್ಲಿ ಕೋಣೆಯ ಮೂಲೆಯಲ್ಲಿದ್ದ ಕಬ್ಬಿಣದ ಪೆಟ್ಟಿಗೆಗಳು ಹೊರಬರುತ್ತವೆ. ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಹಂಚಿಕೊಳ್ಳಲು ಅಣ್ಣತಮ್ಮಂದಿರಲ್ಲಿ ಮಾತುಕತೆ ನಡೆಯುತ್ತದೆ. ಆದರೆ ಅದೇ ಪೆಟ್ಟಿಗೆಯ ತಳದಲ್ಲಿರುವ ನಾಲ್ಕಾರು ಗ್ರಾಮಫೋನು ತಟ್ಟೆಗಳನ್ನಾಗಲಿ, ಹೊದಿಕೆ ಕಳೆದುಕೊಂಡ ಕ್ಯಾಸೆಟ್ಟುಗಳನ್ನಾಗಲಿ ಕೇಳುವವರಿಲ್ಲ. ಅವು ನೇರವಾಗಿ ಗುಜರಿಯವನ ಗಾಡಿಯನ್ನು ಸೇರುತ್ತವೆ.

ಹಾಗೆ ಗಾಡಿಯನ್ನೇರುವುದು ಬರಿಯ ಅರಗು ಮತ್ತು ಪ್ಲಾಸ್ಟಿಕ್ಕಲ್ಲ. ಒಬ್ಬ ಮನುಷ್ಯನ ದನಿ. ಛಾಯಾಚಿತ್ರ ಮುಖವನ್ನು ಉಳಿಸುತ್ತದೆ, ಪತ್ರ ಮಾತನ್ನು ಉಳಿಸುತ್ತದೆ. ಉಸಿರನ್ನು ಉಳಿಸುವುದು ಧ್ವನಿಮುದ್ರಿಕೆಯೊಂದೇ. ಅದಕ್ಕಾಗಿಯೇ ಜಗತ್ತಿನ ನಾನಾ ಕಡೆಗಳಲ್ಲಿ ಜನರು ತಮ್ಮ ಜೀವಮಾನವನ್ನೇ ಅಪರೂಪದ ತಟ್ಟೆಗಳ ಸಂಗ್ರಹಕ್ಕೂ ಅಧ್ಯಯನಕ್ಕೂ ಮುಡಿಪಾಗಿಟ್ಟಿದ್ದಾರೆ. ಅವರ ಶ್ರಮದಿಂದ ನಮ್ಮ ಕುಟುಂಬಗಳು ಕಲಿಯಬೇಕಾದುದೇನು ಎಂಬುದನ್ನು ಈ ವಾರ ಪರಿಶೀಲಿಸೋಣ.

ತನ್ನ ಹೆಸರನ್ನು ತಾನೇ ನುಡಿದ ಗಾಯಕಿ

ಭಾರತದಲ್ಲಿ ಗ್ರಾಮಫೋನು ತಟ್ಟೆಯ ಇತಿಹಾಸ ಆರಂಭವಾಗುವುದು 1902ರ ನವೆಂಬರ್ ತಿಂಗಳಲ್ಲಿ. ಗ್ರಾಮಫೋನ್ ಕಂಪನಿಯ ತಂತ್ರಜ್ಞ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಅಲ್ಲಿನ ಗಾಯಕಿಯರ ಹಾಡುಗಳನ್ನು ಮುದ್ರಿಸಿಕೊಂಡರು. ಅವರಲ್ಲಿ ಪ್ರಖ್ಯಾತಳಾದವಳು ಗೌಹರ್ ಜಾನ್. ಈಕೆ 1873ರಲ್ಲಿ ಆಜಂಗಢದ ಕ್ರೈಸ್ತ ಕುಟುಂಬವೊಂದರಲ್ಲಿ ಏಂಜಲಿನಾ ಯೋವರ್ಡ್ ಎಂಬ ಹೆಸರಿನಿಂದ ಜನಿಸಿದವಳು. ತಂದೆತಾಯಿಗಳ ದಾಂಪತ್ಯ ಮುರಿದುಬಿದ್ದ ಮೇಲೆ ತಾಯಿ ಇಸ್ಲಾಂ ಧರ್ಮವನ್ನು ಸ್ವೀಕರಿಸಿ ಮಲ್ಕಾ ಜಾನ್ ಎನಿಸಿದಳು. ಮಗಳು ಗೌಹರ್ ಜಾನ್ ಆದಳು.

ಗೌಹರ್ ಜಾನಳ ಆರಂಭದ ತಟ್ಟೆಗಳಲ್ಲಿ ಒಂದು ವಿಶೇಷವಿದೆ. ಸುಮಾರು ಮೂರು ನಿಮಿಷಗಳ ಗಾಯನ ಮುಗಿಯುತ್ತಿದ್ದಂತೆಯೇ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ನುಡಿಯುತ್ತಾಳೆ. ಇದು ಅಹಂಕಾರದ ಮಾತಲ್ಲ. ಆ ಕಾಲದಲ್ಲಿ ತಟ್ಟೆಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್ ನಗರದಲ್ಲಿ. ಅಲ್ಲಿನ ಕೆಲಸಗಾರರಿಗೆ ನಮ್ಮ ಭಾಷೆ ತಿಳಿಯದು. ಯಾವ ಹಾಡು ಯಾರದು ಎಂದು ತಿಳಿದು ಸರಿಯಾದ ಚೀಟಿಯನ್ನು ಅಂಟಿಸಲು ಹಾಡಿದವರ ಹೆಸರು ತಟ್ಟೆಯೊಳಗೇ ಇರುವುದು ಅನುಕೂಲವಾಗಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿಯೇ ಕಾರ್ಖಾನೆ ಆರಂಭವಾಯಿತು. ಆದರೆ ಚೀಟಿ ಹರಿದು ಹೋದ ತಟ್ಟೆಯಲ್ಲಿಯೂ ಆ ಗಾಯಕಿಯ ಹೆಸರು ಇಂದಿಗೂ ಉಳಿದಿದೆ.

ಇಂಥ ಗೌಹರ್ ಜಾನಳ ಕೊನೆಯ ದಿನಗಳು ಕಳೆದದ್ದು ನಮ್ಮ ಕರ್ನಾಟಕದಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಯನ್ನು ಅರಮನೆಯ ಸಂಗೀತಗಾರ್ತಿಯನ್ನಾಗಿ ನೇಮಿಸಿಕೊಂಡರು. 1930ರ ಜನವರಿ 17ರಂದು ಮೈಸೂರಿನಲ್ಲಿಯೇ ಆಕೆ ತೀರಿಕೊಂಡಳು. ಒಂದು ಕಾಲಕ್ಕೆ ದೇಶದಾದ್ಯಂತ ಹೆಸರು ಮಾಡಿದ್ದವಳನ್ನು ದೇಶ ಮರೆಯಿತು. ಬೆಂಗಳೂರಿನ ಲೇಖಕ ವಿಕ್ರಮ್ ಸಂಪತ್ ಅವರು ಅರಮನೆಯ ಕಡತಗಳಲ್ಲಿ ಆಕೆಯ ಕುರಿತ ಕಾಗದಪತ್ರಗಳನ್ನು ಕಂಡು, ಅದರ ಜಾಡು ಹಿಡಿದು 2010ರಲ್ಲಿ ಆಕೆಯ ಜೀವನಚರಿತ್ರೆಯನ್ನು ಪ್ರಕಟಿಸಿದರು. ಅನಂತರ ಅವರು ಆರಂಭಿಸಿದ ಭಾರತೀಯ ಸಂಗೀತ ಸಂಗ್ರಹಾಲಯದ ಮೂಲಕ ಹಳೆಯ ತಟ್ಟೆಗಳ ದನಿ ಎಲ್ಲರ ಕಿವಿಗೂ ತಲುಪುವಂತಾಯಿತು.

ಹೆಸರು ಬದಲಾದಾಗ

ಎಲ್ಲ ಗಾಯಕಿಯರಿಗೂ ಈ ಭಾಗ್ಯ ದೊರೆಯಲಿಲ್ಲ. ನಮ್ಮ ಗಂಗೂಬಾಯಿ ಹಾನಗಲ್ ಅವರ ಉದಾಹರಣೆಯನ್ನೇ ನೋಡಬಹುದು. 1913ರಲ್ಲಿ ಜನಿಸಿ 2009ರಲ್ಲಿ ಅಗಲಿದ ಈ ಮಹಾಗಾಯಕಿಯ ಗಂಭೀರವಾದ, ಪುರುಷಕಂಠವನ್ನು ಹೋಲುವ ದನಿಯನ್ನು ಕೇಳದ ಕನ್ನಡಿಗರು ವಿರಳ. ಆದರೆ 1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿ ಅವರ ಹಾಡುಗಳನ್ನು ಹೊರತಂದಾಗ ತಟ್ಟೆಯ ಮೇಲೆ ಅಚ್ಚಾದದ್ದು ಗಾಂಧಾರಿ ಎಂಬ ಹೆಸರು, ಅದರೊಂದಿಗೆ ಹುಬ್ಬಳ್ಳಿಯ ಹೆಸರು. ಆ ತಟ್ಟೆಗಳಲ್ಲಿರುವುದು ತೆಳುವಾದ, ಏರುಶ್ರುತಿಯ ಹೆಣ್ಣುದನಿ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಕಂಠ ಬದಲಾಯಿತು. ಹೆಸರೂ ಬೇರೆ, ದನಿಯೂ ಬೇರೆ! ಇವರಿಬ್ಬರೂ ಒಬ್ಬರೇ ಎಂಬ ಸಂಗತಿಯನ್ನು ತಿಳಿದವರು ದಾಖಲಿಸದೆ ಹೋಗಿದ್ದರೆ, ಗಂಗೂಬಾಯಿಯವರ ಯೌವನದ ಕಂಠ ಯಾರದೋ ಅಜ್ಞಾತ ಗಾಯಕಿಯ ಕಂಠವಾಗಿ ಉಳಿಯುತ್ತಿತ್ತು.

ಚಲನಚಿತ್ರದ ತಟ್ಟೆಗಳ ಕಥೆಯೂ ಇದೇ. ಆರಂಭದ ದಿನಗಳಲ್ಲಿ ಹಿನ್ನೆಲೆ ಗಾಯಕಿಯ ಬದಲು ಚಿತ್ರದ ಪಾತ್ರದ ಹೆಸರನ್ನು ಅಚ್ಚುಹಾಕುವ ರೂಢಿಯಿತ್ತು. 1949ರ ಹಿಂದಿ ಚಿತ್ರ ‘ಮಹಲ್’ನಲ್ಲಿ ಲತಾ ಮಂಗೇಶ್ಕರ್ ಅವರು ಹಾಡಿದ ಪ್ರಸಿದ್ಧ ಗೀತೆಯ ತಟ್ಟೆಯ ಮೇಲಿದ್ದುದು ಕಾಮಿನಿ ಎಂಬ ಪಾತ್ರದ ಹೆಸರು. ಹಾಡಿದವರು ಯಾರೆಂದು ರೇಡಿಯೊ ಕೇಳುಗರು ಪಟ್ಟುಹಿಡಿದು ಕೇಳಿದ ಮೇಲೆಯೇ ನಿಜವಾದ ಹೆಸರು ಹೊರಬಂತು.

ನಮ್ಮ ನೆರೆಯ ಬೀಳಗಿಯಲ್ಲಿ ಜನಿಸಿ ಮುಂಬಯಿಯ ಚಿತ್ರರಂಗದಲ್ಲಿ ಮೆರೆದ ಅಮೀರಬಾಯಿಯ ವಿಷಯದಲ್ಲಿ ಮಾತ್ರ ನಾಡಿನ ನಂಟು ಆಕೆಯ ಹೆಸರಿಗೇ ಅಂಟಿಕೊಂಡಿತು: ಅಮೀರಬಾಯಿ ಕರ್ನಾಟಕಿ. ಆದರೂ 1965ರಲ್ಲಿ ಆಕೆ ತೀರಿಕೊಂಡ ಮೇಲೆ ಕರ್ನಾಟಕವೇ ಆಕೆಯನ್ನು ಮರೆತಿತ್ತು. ಕನ್ನಡದ ವಿದ್ವಾಂಸ ರಹಮತ್ ತರೀಕೆರೆ ಅವರು ಊರೂರು ಅಲೆದು ವಿವರಗಳನ್ನು ಕಲೆಹಾಕಿ ಆಕೆಯ ಕುರಿತು ಗ್ರಂಥವನ್ನೇ ರಚಿಸಿದ ಮೇಲೆ, ಆ ದನಿಯ ಹಿಂದಿದ್ದ ಬದುಕು ನಮಗೆ ಕಾಣಿಸಿತು.

ಒಂದು ತಟ್ಟೆ ಏನು ಮಾಡಬಲ್ಲುದೆಂಬುದಕ್ಕೆ ಗದುಗಿನ ಬಾಲಕನೊಬ್ಬನೇ ಸಾಕ್ಷಿ. ಉಸ್ತಾದ್ ಅಬ್ದುಲ್ ಕರೀಂ ಖಾನರ ಠುಮರಿಯ ತಟ್ಟೆಯನ್ನು ಅಂಗಡಿಯೊಂದರಲ್ಲಿ ಕೇಳಿ ಮರುಳಾದ ಆ ಬಾಲಕ, ಅಂಥ ಗಾಯನವನ್ನು ಕಲಿಯಲೇಬೇಕೆಂದು 1933ರಲ್ಲಿ, ತನ್ನ ಹನ್ನೊಂದನೆಯ ವಯಸ್ಸಿನಲ್ಲಿ, ಮನೆಬಿಟ್ಟು ಹೊರಟ. ಆತನೇ ಮುಂದೆ ಭಾರತರತ್ನ ಪಂಡಿತ ಭೀಮಸೇನ ಜೋಶಿಯಾದದ್ದು. ತಟ್ಟೆಯ ಮೇಲೆ ಉಸ್ತಾದರ ಹೆಸರಿತ್ತು. ಆದುದರಿಂದ ಬಾಲಕನಿಗೆ ಹುಡುಕುವ ದಾರಿಯೊಂದು ತೆರೆಯಿತು. ಕೊನೆಗೆ ಆತ ಸೇರಿದ್ದು ಅದೇ ಉಸ್ತಾದರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ ಬಳಿಗೆ.

ಚರ್ಚಿನ ಗಾಯನದಿಂದ ಹುಟ್ಟಿದ ಸಂಗೀತ

ಈಗ ಸ್ವಲ್ಪ ದೂರದ ದೇಶದ ಕಡೆಗೆ ನೋಡೋಣ. ಅಮೆರಿಕದ ಕಪ್ಪು ಜನರು ಗುಲಾಮಗಿರಿಯ ಕಾಲದಿಂದಲೂ ತಮ್ಮ ನೋವನ್ನೂ ನಂಬಿಕೆಯನ್ನೂ ಚರ್ಚಿನ ಹಾಡುಗಳಲ್ಲಿ ತೋಡಿಕೊಂಡವರು. ಆ ಗಾಯನದ ಬಾಗು ಬಳುಕು, ಕೂಗು, ಮರುದನಿಗಳನ್ನು 1950ರ ದಶಕದಲ್ಲಿ ಕೆಲವು ಗಾಯಕರು ಲೌಕಿಕ ಗೀತೆಗಳಿಗೆ ಅಳವಡಿಸಿದರು. ಹೀಗೆ ಹುಟ್ಟಿದ ಪ್ರಕಾರಕ್ಕೆ ‘ಸೋಲ್’, ಎಂದರೆ ಆತ್ಮ, ಎಂಬ ಹೆಸರು ಬಂತು. ರೇ ಚಾರ್ಲ್ಸ್ ಇದರ ಆದ್ಯರಲ್ಲಿ ಒಬ್ಬರು. ಸ್ಯಾಮ್ ಕುಕ್ ಮೊದಲು ಭಕ್ತಿಗೀತೆಗಳ ತಂಡದ ಗಾಯಕರಾಗಿದ್ದರು. ಅರೀಥಾ ಫ್ರಾಂಕ್ಲಿನ್ ಡೆಟ್ರಾಯಿಟ್ ನಗರದ ಬ್ಯಾಪ್ಟಿಸ್ಟ್ ಬೋಧಕರೊಬ್ಬರ ಮಗಳು. ಆಕೆಯ ಮೊದಲ ಹಾಡುಗಳು ಮುದ್ರಿತವಾದದ್ದು ತಂದೆಯ ಚರ್ಚಿನಲ್ಲಿಯೇ. ಕೀರ್ತಿಯ ಶಿಖರವನ್ನೇರಿದ ಮೇಲೆಯೂ 1972ರಲ್ಲಿ ಲಾಸ್ ಏಂಜಲೀಸಿನ ಚರ್ಚೊಂದಕ್ಕೆ ಮರಳಿ ಬಂದು ಭಕ್ತಿಗೀತೆಗಳನ್ನು ಹಾಡಿ ಮುದ್ರಿಸಿಕೊಂಡರು.

ಇವರು ಹೆಸರು ಮಾಡಿದವರು. ಇವರ ಜೊತೆಗೆ ನೂರಾರು ಮಂದಿ ಹೆಸರಿಲ್ಲದವರೂ ಇದ್ದರು. ಸಣ್ಣಪುಟ್ಟ ಕಂಪನಿಗಳು ಒಂದೊಂದು ಹಾಡಿಗೆ ಕೆಲವೇ ನೂರು ತಟ್ಟೆಗಳನ್ನು ಅಚ್ಚುಹಾಕುತ್ತಿದ್ದವು. ಹಾಡು ಗೆಲ್ಲದಿದ್ದರೆ ಉಳಿದ ತಟ್ಟೆಗಳು ಉಗ್ರಾಣ ಸೇರುತ್ತಿದ್ದವು; ಹಾಡಿದವರು ಕಾರ್ಖಾನೆಯ ಕೆಲಸಕ್ಕೋ ಅಂಗಡಿಯ ಕೆಲಸಕ್ಕೋ ಮರಳುತ್ತಿದ್ದರು. ಹೀಗೆ ಸೋತ ಹಾಡುಗಳನ್ನು 1970ರ ದಶಕದಲ್ಲಿ ಉತ್ತರ ಇಂಗ್ಲೆಂಡಿನ ಕಾರ್ಮಿಕ ಊರುಗಳ ಯುವಕರು ಎತ್ತಿ ಮೆರೆಸಿದರು. ವಿಗನ್ ಎಂಬ ಊರಿನ ನೃತ್ಯಶಾಲೆಯಲ್ಲಿ 1973ರಿಂದ 1981ರವರೆಗೆ ರಾತ್ರಿಯಿಡೀ ಈ ಹಾಡುಗಳಿಗೆ ಕುಣಿಯುತ್ತಿದ್ದರು. ಈ ಅಭಿರುಚಿಗೆ ‘ನಾರ್ದರ್ನ್ ಸೋಲ್’ ಎಂದು ಹೆಸರಿಟ್ಟವರು ಪತ್ರಕರ್ತ ಡೇವ್ ಗಾಡಿನ್.

ಇಲ್ಲಿಯೇ ನಾವು ಗಮನಿಸಬೇಕಾದ ಸಂಗತಿಯಿದೆ. ತಟ್ಟೆಗಳನ್ನು ನುಡಿಸುವವರಲ್ಲಿ ಪೈಪೋಟಿ ಹುಟ್ಟಿತು. ಅಪರೂಪದ ತಟ್ಟೆಯೊಂದು ಕೈಗೆ ಸಿಕ್ಕರೆ ಎದುರಾಳಿಗೆ ಅದರ ಗುರುತು ಸಿಗಬಾರದೆಂದು ಚೀಟಿಯ ಮೇಲೆ ಕಾಗದ ಅಂಟಿಸಿ, ಹಾಡಿಗೂ ಗಾಯಕನಿಗೂ ಸುಳ್ಳು ಹೆಸರನ್ನು ಕಟ್ಟಿ ಹೇಳುತ್ತಿದ್ದರು. ಹಾಡನ್ನು ಪ್ರೀತಿಸಿದವರೇ ಹಾಡಿದವನ ಹೆಸರನ್ನು ಮುಚ್ಚಿಟ್ಟರು!

ಫ್ರಾಂಕ್ ವಿಲ್ಸನ್ ಎಂಬವರು 1965ರಲ್ಲಿ ಡೆಟ್ರಾಯಿಟಿನ ಮೋಟೌನ್ ಕಂಪನಿಗಾಗಿ ಹಾಡಿದ ಒಂದು ತಟ್ಟೆ ಮಾರುಕಟ್ಟೆಗೆ ಬರಲೇ ಇಲ್ಲ. ಅವರು ಗಾಯನವನ್ನು ಬಿಟ್ಟು ಅದೇ ಕಂಪನಿಯಲ್ಲಿ ಗೀತರಚನೆ ಹಾಗೂ ನಿರ್ಮಾಣದ ಕೆಲಸಕ್ಕೆ ನಿಂತರು; ಮುಂದೆ ಅದನ್ನೂ ತೊರೆದು ಕ್ರೈಸ್ತ ಸೇವೆಯಲ್ಲಿ ತೊಡಗಿದರು. ಆ ತಟ್ಟೆಯ ಬೆರಳೆಣಿಕೆಯ ಪ್ರತಿಗಳು ಮಾತ್ರ ಉಳಿದವು. ಇಂಗ್ಲೆಂಡಿನ ನೃತ್ಯಶಾಲೆಗಳಲ್ಲಿ ಅದು ಮೊದಲು ಮೊಳಗಿದ್ದು ಬೇರೊಬ್ಬ ಗಾಯಕನ ಹೆಸರಿನಲ್ಲಿ. 2009ರಲ್ಲಿ ಅದರ ಒಂದು ಪ್ರತಿ 25,742 ಪೌಂಡುಗಳಿಗೆ, 2020ರಲ್ಲಿ 1 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಬೆಲೆಯನ್ನು ಕೇಳಿ ಬೆರಗಾಗುವವರು ಬಹಳ. ಆದರೆ ಹಾಡಿದವರಿಗೆ ಅವರ ಹೆಸರು ಮರಳಿ ಸಿಕ್ಕಿದ್ದು ಹಣ ಕೊಟ್ಟವರಿಂದಲ್ಲ. ತಾಳ್ಮೆಯಿಂದ ಮೂಲವನ್ನು ಹುಡುಕಿದವರಿಂದ. ಇಂಥ ಸಂಶೋಧಕರು ಪತ್ತೆಮಾಡಿದ ಹಲವು ವೃದ್ಧ ಗಾಯಕರು, ತಾವು ಹಾಡಿದ್ದನ್ನೇ ತಾವು ಮರೆಯುವಷ್ಟು ವರ್ಷಗಳ ಅನಂತರ, ಇಂಗ್ಲೆಂಡಿಗೆ ಆಹ್ವಾನಿತರಾಗಿ ತುಂಬಿದ ಸಭೆಗಳೆದುರು ಮತ್ತೆ ಹಾಡಿದರು.

ಸಂಗ್ರಹವೇ ಬೇರೆ, ಸಂಶೋಧನೆಯೇ ಬೇರೆ

ಕಪಾಟಿನ ತುಂಬ ತಟ್ಟೆಗಳನ್ನು ಜೋಡಿಸಿದವನು ಸಂಗ್ರಾಹಕ. ಪ್ರತಿಯೊಂದು ತಟ್ಟೆಯಲ್ಲಿಯೂ ಹಾಡಿದವರು ಯಾರು, ಯಾವಾಗ, ಎಲ್ಲಿ ಎಂಬುದನ್ನು ತಿಳಿದು ಬರೆದಿಟ್ಟವನು ಸಂಶೋಧಕ. ಈ ಕೆಲಸಕ್ಕೆ ಬೇಕಾದ ಸುಳಿವುಗಳು ತಟ್ಟೆಯಲ್ಲಿಯೇ ಇರುತ್ತವೆ. ನಡುವಿನ ಚೀಟಿಯಲ್ಲಿ ಕಂಪನಿಯ ಗುರುತು, ಮಾರಾಟದ ಸಂಖ್ಯೆ, ರಾಗ ಅಥವಾ ನಾಟಕದ ಹೆಸರು ಇರುತ್ತವೆ. ಚೀಟಿಗೂ ಗೆರೆಗಳಿಗೂ ನಡುವಿನ ನುಣುಪಾದ ಜಾಗದಲ್ಲಿ ಇನ್ನೊಂದು ಸಂಖ್ಯೆ ಕೊರೆದಿರುತ್ತದೆ. ಅದು ಮುದ್ರಣದ ದಿನ ತಂತ್ರಜ್ಞರು ಕೊಟ್ಟ ಸಂಖ್ಯೆ. ಚೀಟಿ ಕಿತ್ತುಹೋದರೂ ಈ ಸಂಖ್ಯೆಯಿಂದ ತಟ್ಟೆಯ ಕುಲಗೋತ್ರವನ್ನು ತಿಳಿಯಬಹುದು. ಕಂಪನಿಗಳ ಹಳೆಯ ಪಟ್ಟಿಗಳು, ಪತ್ರಿಕೆಗಳ ಜಾಹೀರಾತುಗಳು, ಅಂಗಡಿಯ ಹೆಸರು ಅಚ್ಚಾದ ಕಾಗದದ ಚೀಲಗಳು, ಎಲ್ಲವೂ ಆಧಾರಗಳೇ.

ನಮ್ಮ ದೇಶದಲ್ಲಿ ಈ ಕಾರ್ಯ ಬಹುಮಟ್ಟಿಗೆ ಹವ್ಯಾಸಿಗಳಿಂದಲೇ ನಡೆದಿದೆ. ಮುಂಬಯಿಯಲ್ಲಿ 1990ರಲ್ಲಿ ಭಾರತೀಯ ರೆಕಾರ್ಡು ಸಂಗ್ರಾಹಕರ ಸಂಘ ಹುಟ್ಟಿತು. ವಿಜ್ಞಾನಿ ಸುರೇಶ್ ಚಾಂದವಣಕರ್ ಅವರು ಅದರ ಕಾರ್ಯಭಾರವನ್ನು ಹೊತ್ತು, ಸಂಘದ ಪತ್ರಿಕೆಯ ಮೂಲಕ ಸಂಗ್ರಾಹಕರ ಅರಿವನ್ನು ಎಲ್ಲರಿಗೂ ಹಂಚಿದರು. ಆಸ್ಟ್ರೇಲಿಯಾದ ಮೈಕಲ್ ಕಿನ್ನಿಯರ್ ಅವರು ಭಾರತದ ಆರಂಭಕಾಲದ ತಟ್ಟೆಗಳ ಸಂಖ್ಯೆ, ಗಾಯಕರು, ಮುದ್ರಣದ ಸ್ಥಳಗಳನ್ನು ಒಂದೊಂದಾಗಿ ಪಟ್ಟಿಮಾಡಿದರು.

ಕತೋಲಿಕ ಕುಟುಂಬಗಳಿಗೆ ಇಂಥ ದಾಖಲೆಯ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಜ್ಞಾನಸ್ನಾನದ ದಾಖಲೆ ಪುಸ್ತಕವಿರುತ್ತದೆ. ಅದರಲ್ಲಿ ಮಗುವಿನ ಹೆಸರು, ತಂದೆತಾಯಿ, ಜ್ಞಾನಪೋಷಕರು, ದಿನಾಂಕ ಎಲ್ಲವೂ ಒಂದೇ ಸಾಲಿನಲ್ಲಿ ಇರುತ್ತವೆ. ಬಡವನಾಗಲಿ ಬಲ್ಲಿದನಾಗಲಿ, ಅಲ್ಲಿ ಹೆಸರಿಲ್ಲದವರು ಯಾರೂ ಇಲ್ಲ. ತಟ್ಟೆಯ ಸಂಶೋಧಕ ಮಾಡುವುದೂ ಇದೇ ಕೆಲಸ: ದನಿಗೆ ಹೆಸರು ಬರೆಯುವುದು.

ನಮ್ಮ ಸೀಮೆಯ ಆತ್ಮಗೀತೆ

ಆತ್ಮದ ಹಾಡು ಅಮೆರಿಕದ ಸೊತ್ತು ಮಾತ್ರವಲ್ಲ. ಭೀಮಾತೀರದ ಈ ನೆಲದಲ್ಲಿ ತತ್ವಪದಗಳು ತಲೆಮಾರುಗಳಿಂದ ಮೊಳಗಿವೆ. ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನವರೂ ಅವರ ಶಿಷ್ಯರಾದ ಚೆನ್ನೂರಿನ ಜಲಾಲಸಾಹೇಬರೂ ಕಟ್ಟಿದ ಪದಗಳನ್ನು ಏಕತಾರಿ, ದಮ್ಮಡಿಗಳೊಂದಿಗೆ ರಾತ್ರಿಯಿಡೀ ಹಾಡುವವರು ಈಗಲೂ ಇದ್ದಾರೆ. ಮೊಹರಮ್ಮಿನ ರಿವಾಯತ ಪದಗಳೂ, ಬೀಸುವ ಕಲ್ಲಿನ ಪದಗಳೂ ಇದೇ ನೆಲದವು.

ತತ್ವಪದದ ಕೊನೆಯಲ್ಲಿ ಅಂಕಿತವಿರುತ್ತದೆ. ಆದುದರಿಂದ ಪದ ಕಟ್ಟಿದವರು ಯಾರೆಂಬುದು ಹಾಡಿನೊಂದಿಗೇ ಬರುತ್ತದೆ. ಆದರೆ ಹಾಡಿದವರಿಗೆ ಅಂಕಿತವಿಲ್ಲ. ಅವರು ಹಾಡಿ ಎದ್ದು ಹೋದರೆ ಅವರ ದನಿಯೂ ಅವರೊಂದಿಗೆ ಹೋಗುತ್ತದೆ. 1980ರ ದಶಕದಲ್ಲಿ ಅಗ್ಗದ ಕ್ಯಾಸೆಟ್ಟುಗಳು ಬಂದ ಮೇಲೆಯೇ ಹಳ್ಳಿಯ ಗಾಯಕರ ದನಿ ಮೊದಲ ಬಾರಿಗೆ ಬಹುಸಂಖ್ಯೆಯಲ್ಲಿ ಮುದ್ರಣಗೊಂಡಿತು. ಸಣ್ಣ ಊರುಗಳ ಅಂಗಡಿಗಳಲ್ಲಿ, ಜಾತ್ರೆಗಳಲ್ಲಿ ಮಾರಾಟವಾದ ಅವು, ಅನೇಕ ವೇಳೆ ಮನೆಯ ಟೇಪ್‌ರೆಕಾರ್ಡರಿನಲ್ಲಿಯೇ ತಯಾರಾದವು. ನಮ್ಮ ಪಾಲಿಗೆ ಅಪರೂಪದ ತಟ್ಟೆಗಳೆಂದರೆ ಇವೇ. ಗ್ರಾಮಫೋನು ತಟ್ಟೆ ನೂರು ವರ್ಷ ಬಾಳೀತು. ಕ್ಯಾಸೆಟ್ಟಿನ ಪಟ್ಟಿ ಅಷ್ಟು ಕಾಲ ಬಾಳುವುದಿಲ್ಲ.

ನಮ್ಮ ದೇವಾಲಯಗಳ ಗಾಯನದ ಸ್ಥಿತಿಯೂ ಭಿನ್ನವಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಪೂಜಾವಿಧಿಯ ಸಂವಿಧಾನ ಜನರ ಭಾಷೆಗಳಿಗೆ ಬಾಗಿಲು ತೆರೆಯಿತು. ಲ್ಯಾಟಿನ್ ಬಲಿಪೂಜೆಯನ್ನು ಕಂಡಿದ್ದ ಹಿರಿಯರೇ ಕನ್ನಡದ ಬಲಿಪೂಜೆಯಲ್ಲಿ ಕನ್ನಡದ ಗೀತೆಗಳನ್ನು ಕಲಿತು ಹಾಡಿದರು. ಆ ತಲೆಮಾರಿನ ಉಪದೇಶಿಗಳು, ಧರ್ಮಭಗಿನಿಯರು, ಗಾಯನವೃಂದದ ಹಾರ್ಮೋನಿಯಂ ವಾದಕರು ಒಬ್ಬೊಬ್ಬರಾಗಿ ನಮ್ಮನ್ನು ಅಗಲುತ್ತಿದ್ದಾರೆ. ಹಬ್ಬದ ದಿನವೋ ಮದುವೆಯ ದಿನವೋ ಮುದ್ರಿಸಿಕೊಂಡ ಅವರ ದನಿ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇರಬಹುದು.

ಮನೆಯಲ್ಲಿ ಮಾಡಬೇಕಾದುದು

ಮೊದಲನೆಯದಾಗಿ, ಓದಲು ಬಾರದೆಂಬ ಕಾರಣಕ್ಕೆ ಯಾವುದನ್ನೂ ಎಸೆಯಬಾರದು. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ಸೀಮೆಯಲ್ಲಿ ಉರ್ದು, ಮರಾಠಿ, ತೆಲುಗು ಚೀಟಿಗಳ ತಟ್ಟೆಗಳು ಸಿಗುವುದು ಸಹಜ. ಓದಬಲ್ಲ ನೆರೆಯ ಹಿರಿಯರಿಗೆ ತೋರಿಸಬೇಕು.

ಎರಡನೆಯದಾಗಿ, ಹಳೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನೇರವಾಗಿ ನಿಲ್ಲಿಸಬೇಕು. ಕಲಬುರಗಿಯ ಬೇಸಿಗೆಯ ಬಿಸಿಲು ತಗುಲಿದರೆ ಅವು ಡೊಂಕಾಗುತ್ತವೆ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳು ಅರಗಿನಿಂದ ಮಾಡಿದವು. ಸ್ಪಿರಿಟ್ ಹಾಕಿ ಒರೆಸಿದರೆ ಮೇಲ್ಮೈ ಕರಗಿ ದನಿ ಹಾಳಾಗುತ್ತದೆ. ಮೆತ್ತನೆಯ ಒಣಬಟ್ಟೆ ಸಾಕು. ಕೀಲಿ ಕೊಟ್ಟು ನುಡಿಸುವ ಗ್ರಾಮಫೋನಿನಲ್ಲಿ ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಿಸಬೇಕು. ಸವೆದ ಮುಳ್ಳು ಗೆರೆಗಳನ್ನು ಕೊರೆದುಬಿಡುತ್ತದೆ.

ಮೂರನೆಯದಾಗಿ, ಕ್ಯಾಸೆಟ್ಟುಗಳನ್ನು ಸ್ಪೀಕರಿನ ಬಳಿ ಇಡಬಾರದು. ಅದರೊಳಗಿನ ಅಯಸ್ಕಾಂತ ದನಿಯನ್ನು ಅಳಿಸಬಲ್ಲುದು. ಕ್ಯಾಸೆಟ್ಟಿನ ಹಿಂಬದಿಯ ಎರಡು ಸಣ್ಣ ಪ್ಲಾಸ್ಟಿಕ್ ತುಂಡುಗಳನ್ನು ಮುರಿದರೆ ಅದರ ಮೇಲೆ ಮತ್ತೊಂದು ಹಾಡು ತಪ್ಪಿ ಮುದ್ರಣವಾಗುವುದಿಲ್ಲ. ಒಳ್ಳೆಯ ಯಂತ್ರ ಸಿಕ್ಕಾಗ ಕಂಪ್ಯೂಟರಿಗೆ ಪ್ರತಿ ಮಾಡಿಕೊಂಡು, ಮೂಲವನ್ನೂ ಇಟ್ಟುಕೊಳ್ಳಬೇಕು. ಭಾರತದ ಕಾನೂನಿನಂತೆ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಇತ್ತೀಚಿನ ಹಾಡುಗಳನ್ನು ಹಂಚುವಾಗ ಇದನ್ನು ಮರೆಯಬಾರದು.

ಕೊನೆಯದು ಎಲ್ಲಕ್ಕಿಂತ ಮುಖ್ಯವಾದುದು, ಖರ್ಚಿಲ್ಲದ್ದು. ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಬೇಕು: ಅಜ್ಜಾ, ಈ ದನಿ ಯಾರದು? ಯಾವ ಊರಿನವರು? ಯಾರ ಮದುವೆಯಲ್ಲಿ ಹಾಡಿದ್ದು? ತಬಲಾ ನುಡಿಸಿದವರು ಯಾರು? ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು, ದಿನಾಂಕ ಹಾಕಿ, ತಟ್ಟೆ ಅಥವಾ ಕ್ಯಾಸೆಟ್ಟಿನ ಜೊತೆಗೇ ಇಡಬೇಕು. ಅಪರೂಪದ ವಸ್ತುವಿಗೆ ಬೆಲೆ ಕಟ್ಟುವವರು ನಾಳೆಯೂ ಬರಬಹುದು, ನಾಡಿದ್ದೂ ಬರಬಹುದು. ಆದರೆ ಆ ದನಿಯನ್ನು ಗುರುತಿಸಬಲ್ಲ ಅಜ್ಜ ಅಜ್ಜಿಯರು ನಮಗಾಗಿ ಅಷ್ಟು ಕಾಲ ಕಾಯಲಾರರು.